ಚಂದ್ರನ ಹಿಂಬದಿಯ 48 ನಿಮಿಷ

ಹಾಸನ
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ನೀನು ಮುಂಬಯಿ ತಲುಪಿದ ಸುದ್ದಿ ಅಮ್ಮನ ಫೋನಿಗೆ ಬಂತು. ಅವಳೇ ಓದಿ ಹೇಳಿದಳು. ನನಗೂ ಒಂದು ಸಾಲು ಬರೆಯಬಹುದಿತ್ತು ಎನ್ನುವ ಹಕ್ಕನ್ನು ನಾನು ಆ ರಾತ್ರಿಯೇ ಕಳೆದುಕೊಂಡಿದ್ದೇನೆ. ಹಡಗು ಹತ್ತಲು ಇನ್ನು ಒಂಬತ್ತು ದಿನಗಳಿವೆ ಎಂದು ಅವಳು ಲೆಕ್ಕ ಹಾಕಿಟ್ಟಿದ್ದಾಳೆ. ನಾಳೆ ಬೆಳಿಗ್ಗೆಯೇ ಸ್ಪೀಡ್ ಪೋಸ್ಟಿಗೆ ಹಾಕಿದರೆ ಈ ಪತ್ರ ಅಷ್ಟರೊಳಗೆ ನಿನ್ನ ಕೈಸೇರುತ್ತದೆ.

ಅಂದು ನಡೆದದ್ದನ್ನು ಮತ್ತೆ ಬರೆಯುವುದಿಲ್ಲ; ನಮ್ಮಿಬ್ಬರಿಗೂ ನೆನಪಿದೆ. ನೀನು ಅರ್ಧಕ್ಕೆ ನಿಲ್ಲಿಸಿ ಎದ್ದುಹೋದ ಸಾಕ್ಷ್ಯಚಿತ್ರವನ್ನು ನಾನು ಮರುದಿನ ಪೂರ್ತಿ ನೋಡಿದೆ, ಆಮೇಲೆ ಮೊದಲಿನಿಂದ ಇನ್ನೆರಡು ಸಲ ನೋಡಿದೆ ಎಂಬುದನ್ನು ಮಾತ್ರ ನಿನಗೆ ತಿಳಿಸಬೇಕು. ಡೇವಿಡ್ ಸಿಂಗ್ಟನ್ ಅವರು 2007ರಲ್ಲಿ ಮಾಡಿದ 'ಇನ್ ದ ಶ್ಯಾಡೋ ಆಫ್ ದ ಮೂನ್' ಚಂದ್ರನ ಚಿತ್ರ ಎಂದು ನಾನು ತಿಳಿದಿದ್ದೆ. ಅದು ಮುದುಕರ ಮುಖಗಳ ಚಿತ್ರ. 1968ರಿಂದ 1972ರ ನಡುವೆ ಚಂದ್ರನವರೆಗೆ ಹೋಗಿಬಂದ 24 ಜನರ ಪೈಕಿ ಹತ್ತು ಮಂದಿ ಎದುರು ಕುಳಿತು ಮಾತನಾಡುತ್ತಾರೆ. ಕ್ಯಾಮೆರಾ ಎಷ್ಟು ಹತ್ತಿರವಿದೆಯೆಂದರೆ ಅವರ ಕಣ್ಣಂಚಿನ ಸುಕ್ಕುಗಳನ್ನು ಎಣಿಸಬಹುದು. ನೀಲ್ ಆರ್ಮ್‌ಸ್ಟ್ರಾಂಗ್ ಆ ಹತ್ತು ಮಂದಿಯಲ್ಲಿಲ್ಲ. ಇಲ್ಲದ್ದು ಒಳ್ಳೆಯದೇ ಆಯಿತೆಂದು ನನಗೆ ಅನಿಸಿತು. ಅವರಿದ್ದಿದ್ದರೆ ನನ್ನ ಕಣ್ಣು ಮೈಕಲ್ ಕಾಲಿನ್ಸ್ ಅವರ ಕಡೆಗೆ ಹೋಗುತ್ತಿರಲಿಲ್ಲ.

1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ 'ಈಗಲ್' ನೌಕೆಯಲ್ಲಿ ಕೆಳಗಿಳಿದಾಗ ಮೇಲೆ 'ಕೊಲಂಬಿಯಾ'ದಲ್ಲಿ ಉಳಿದವರು ಕಾಲಿನ್ಸ್. ಎರಡು ನೌಕೆಗಳು ಬೇರ್ಪಟ್ಟು ಮತ್ತೆ ಕೂಡುವವರೆಗೆ ಸುಮಾರು 28 ತಾಸು ಅವರು ಒಬ್ಬರೇ ಚಂದ್ರನನ್ನು ಸುತ್ತಿದರು. ಒಂದು ಸುತ್ತಿಗೆ ಸುಮಾರು ಎರಡು ತಾಸು ಹಿಡಿಯುತ್ತಿತ್ತು. ಅದರಲ್ಲಿ 48 ನಿಮಿಷ ನೌಕೆ ಚಂದ್ರನ ಹಿಂಬದಿಗೆ ಸರಿದು ರೇಡಿಯೋ ಪೂರ್ತಿ ಸತ್ತುಹೋಗುತ್ತಿತ್ತು. ಭೂಮಿಯ ದನಿಯೂ ಇಲ್ಲ, ಕೆಳಗಿದ್ದ ಗೆಳೆಯರ ದನಿಯೂ ಇಲ್ಲ. ಆ ಹೊತ್ತಿನಲ್ಲಿ ತಮಗೆ ಒಂಟಿತನ ಕಾಡಲಿಲ್ಲ, ಬಿಸಿ ಕಾಫಿ ಕುಡಿಯುತ್ತ ಆರಾಮವಾಗಿದ್ದೆ ಎಂದು ಕಾಲಿನ್ಸ್ ಹೇಳುತ್ತಿದ್ದರು. ಆ ಮಾತನ್ನು ನಾನು ನಂಬುತ್ತೇನೆ. ಆದರೆ ಅವರೇ ಮುಂದೆ ತಮ್ಮ ಪುಸ್ತಕದಲ್ಲಿ ಬರೆದ ಇನ್ನೊಂದು ಮಾತು ನನ್ನನ್ನು ಈ ವಾರವಿಡೀ ಮಲಗಗೊಟ್ಟಿಲ್ಲ. ಆರು ತಿಂಗಳಿಂದ ಒಳಗೇ ಅದುಮಿಟ್ಟುಕೊಂಡಿದ್ದ ಭಯವೊಂದೇ, ಆ ಇಬ್ಬರನ್ನು ಚಂದ್ರನ ಮೇಲೆ ಬಿಟ್ಟು ತಾವೊಬ್ಬರೇ ಭೂಮಿಗೆ ಮರಳಬೇಕಾಗಿ ಬಂದರೆ ಎಂಬುದು. ಈಗಲ್ ಮೇಲೇರಲು ಇದ್ದದ್ದು ಒಂದೇ ಎಂಜಿನ್. ಅದು ಹೊತ್ತದಿದ್ದರೆ ಬದಲಿ ಇರಲಿಲ್ಲ. ಅಂಥ ಗಳಿಗೆಗೆಂದು ಅಧ್ಯಕ್ಷ ನಿಕ್ಸನ್ ಓದಬೇಕಾದ ಸಂತಾಪದ ಭಾಷಣವೂ ಮೊದಲೇ ಸಿದ್ಧವಾಗಿತ್ತು. ಹಾಗಾದರೆ ನಾನಾಗಿ ಪ್ರಾಣ ಕಳೆದುಕೊಳ್ಳುವುದಿಲ್ಲ, ನೇರವಾಗಿ ಮನೆಗೆ ಹಿಂದಿರುಗುತ್ತೇನೆ, ಆದರೆ ಬದುಕಿರುವವರೆಗೂ ಆ ಗುರುತು ಹೊತ್ತ ಮನುಷ್ಯನಾಗಿರುತ್ತೇನೆ ಎಂದು ಕಾಲಿನ್ಸ್ ಅಲ್ಲಿಯೇ ತೀರ್ಮಾನಿಸಿಕೊಂಡಿದ್ದರಂತೆ.

ಇದನ್ನು ಓದಿದ ಮೇಲೆ ಪುಸ್ತಕ ಮುಚ್ಚಿ ಬಹಳ ಹೊತ್ತು ಜಗಲಿಯ ಮೇಲೆ ಕುಳಿತಿದ್ದೆ. ನಿನಗಾಗಿ ಹೆದರುತ್ತಿದ್ದೇನೆ ಎಂದು ಇಷ್ಟು ದಿನ ನಾನು ತಿಳಿದುಕೊಂಡಿದ್ದೆ. ನಡುಸಮುದ್ರ, ಬಿರುಗಾಳಿ, ಗಂಡಸರೇ ತುಂಬಿದ ಹಡಗು ಎಂದು ನಿನ್ನ ಮುಂದೆ ಸಾಲಾಗಿ ಹೇಳಿದ್ದೆನಲ್ಲ, ಅವೆಲ್ಲ ನಿಜವೇ. ಆದರೆ ಅವುಗಳ ಅಡಿಯಲ್ಲಿದ್ದದ್ದು ಕಾಲಿನ್ಸರ ಭಯ. ನಿನಗೆ ಏನಾದರೂ ಆಗಿ, ನಾನು ಇದೇ ಜಗಲಿಯಲ್ಲಿ ಉಳಿದುಬಿಟ್ಟರೆ ಎಂಬ ಭಯ. ಅದು ನನ್ನದು. ಅದನ್ನು ನಿನ್ನ ಪೆಟ್ಟಿಗೆಯಲ್ಲಿ ತುಂಬಿ ಕಳಿಸಲು ಹೊರಟಿದ್ದೆ.

ಘಟ್ಟದ ಆ ಸಣ್ಣ ಸ್ಟೇಷನ್ನಿನಲ್ಲಿ ನಾನು ಮಾಸ್ಟರ್ ಆಗಿದ್ದಾಗ ನೀನಿನ್ನೂ ಆರು ವರ್ಷದವಳು. ಲೈನ್ ಕ್ಲಿಯರ್, ಅಂದರೆ ಮುಂದಿನ ಸ್ಟೇಷನ್ನಿನ ಒಪ್ಪಿಗೆ, ಪಡೆದು ಗಾಡಿಯನ್ನು ಬಿಟ್ಟ ಮೇಲೆ, ಮುಂದಿನ ಸ್ಟೇಷನ್ನಿನವರು ಕೊನೆಯ ಬೋಗಿಯ ಕೆಂಪು ದೀಪವನ್ನು ಕಣ್ಣಾರೆ ಕಂಡು, ಗಾಡಿ ಪೂರ್ತಿ ಬಂತು ಎಂದು ವರದಿ ಕೊಡುವವರೆಗೆ ಅದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿರುತ್ತದೆ. ಒಂದು ಮಳೆಗಾಲದ ರಾತ್ರಿ ಗೂಡ್ಸ್ ಗಾಡಿಯೊಂದು ಸುರಂಗಗಳ ನಡುವೆ ಹೋದದ್ದು ಹೊತ್ತಿಗೆ ಸರಿಯಾಗಿ ಆಚೆ ತಲುಪಲಿಲ್ಲ. ಹಳಿಯ ಮೇಲೆ ಮಣ್ಣು ಕುಸಿದಿತ್ತು, ಡ್ರೈವರ್ ಕಂಡು ಮೊದಲೇ ನಿಲ್ಲಿಸಿದ್ದರು, ಯಾರಿಗೂ ಏನೂ ಆಗಲಿಲ್ಲ. ಅದು ನನಗೆ ತಿಳಿದದ್ದು ಬೆಳಗಿನ ಜಾವ. ಅಲ್ಲಿಯವರೆಗೆ ಫೋನಿನ ಪಕ್ಕದಿಂದ ಏಳದೆ, ಪಾಯಿಂಟ್ಸ್‌ಮನ್ ತಂದಿಟ್ಟ ಚಹಾ ತಣ್ಣಗಾಗಿ ಕೆನೆ ಕಟ್ಟಿದ್ದನ್ನೇ ನೋಡುತ್ತ ಕುಳಿತಿದ್ದೆ. ಆ ಚಹಾದ ಲೋಟ ಈಗಲೂ ನನ್ನ ಕಣ್ಣ ಮುಂದಿದೆ. ನೀನು ಕೆಡೆಟ್ ಆಗಿ ಹಡಗಿಗೆ ಹೋಗುತ್ತೇನೆ ಎಂದ ದಿನ ನನಗೆ ನೆನಪಾದದ್ದು ಸಮುದ್ರವಲ್ಲ, ಆ ಲೋಟ. ಹಡಗುಗಳ ಜಾಗ ತೋರಿಸುವ ನಕ್ಷೆಯೊಂದನ್ನು ಅಮ್ಮನ ಫೋನಿನಲ್ಲಿ ಹಾಕಿಸಿಕೊಂಡಿದ್ದೇನೆ. ದಡದಿಂದ ದೂರ ಸರಿದಂತೆ ಅದರ ಚುಕ್ಕಿಗಳು ಮಾಯವಾಗುತ್ತವೆ ಎಂಬುದನ್ನೂ ಕಂಡುಕೊಂಡಿದ್ದೇನೆ.

ಬುದ್ಧಿ ಹೇಳಬಾರದು ಎಂದುಕೊಂಡೇ ಈ ಪತ್ರಕ್ಕೆ ಕುಳಿತೆ. ಆದರೆ ಒಂದನ್ನು ಹೇಳದೆ ಇರಲಾರೆ. ಚಿತ್ರದಲ್ಲಿ ಅಪೋಲೋ 1ರ ಭಾಗ ಬರುತ್ತದೆ. ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ತೀರಿಕೊಂಡದ್ದು ಆಕಾಶದಲ್ಲಲ್ಲ; 1967ರ ಜನವರಿ 27ರಂದು, ಉಡಾವಣಾ ಕಟ್ಟೆಯ ಮೇಲೆ, ಬರೀ ತಾಲೀಮಿನಲ್ಲಿ. ರಾಕೆಟ್ಟಿನಲ್ಲಿ ಇಂಧನವಿರಲಿಲ್ಲ, ಆದ್ದರಿಂದ ಅದನ್ನು ಯಾರೂ ಅಪಾಯದ ಕೆಲಸವೆಂದು ಎಣಿಸಿರಲಿಲ್ಲ. ಒಳಗೆ ಒತ್ತಡದಲ್ಲಿ ತುಂಬಿದ ಶುದ್ಧ ಆಮ್ಲಜನಕ, ಒಳಮುಖವಾಗಿ ತೆರೆಯುವ ಬಾಗಿಲು. ಕಿಡಿ ಬಿದ್ದಾಗ ಅದನ್ನು ತೆರೆಯಲು ಅವರಿಗೆ ಸಮಯವೇ ಸಿಗಲಿಲ್ಲ. ನೀನು ಕಪಾಟಿನಲ್ಲಿ ಬಿಟ್ಟುಹೋದ ಕೋರ್ಸಿನ ಪುಸ್ತಕವನ್ನು ನಾನು ಓದುತ್ತಿದ್ದೇನೆ. ಮುಚ್ಚಿಟ್ಟ ಉಕ್ಕಿನ ಟ್ಯಾಂಕಿನಲ್ಲಿ ತುಕ್ಕೇ ಗಾಳಿಯ ಆಮ್ಲಜನಕವನ್ನು ತಿಂದುಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಸೂಚನೆಯಿಲ್ಲ ಎಂದು ಅದರಲ್ಲಿದೆ. ಮೀಟರ್ ಹಿಡಿದು ಗಾಳಿ ಪರೀಕ್ಷಿಸದೆ, ಅನುಮತಿಯ ಕಾಗದವಿಲ್ಲದೆ, ಹೊರಗೊಬ್ಬರು ಕಾವಲಿಲ್ಲದೆ ಯಾವ ಟ್ಯಾಂಕಿಗೂ ಇಳಿಯಬೇಡ. ಮೇಲಿನವರು ಅವಸರ ಮಾಡಿದರೂ ಇಳಿಯಬೇಡ. ಒಳಗೆ ಯಾರೋ ಬಿದ್ದಿದ್ದಾರೆಂದು ಹಿಂದೆ ಮುಂದೆ ನೋಡದೆ ಹಾರಲೂ ಬೇಡ. ಉಳಿಸಲು ಹೋದವರೂ ಹಾಗೆಯೇ ಸತ್ತಿದ್ದಾರೆ. ರಾತ್ರಿ ಕಾವಲು ಮುಗಿಸಿ ಬಂದ ಕೂಡಲೇ ಮಲಗು, ಫೋನ್ ಹಿಡಿದು ಕೂರಬೇಡ. ಜೇಬಿನಲ್ಲಿ ಯಾವಾಗಲೂ ಒಂದು ಪೆನ್ನಿರಲಿ. ಈಗಲ್‌ನ ಎಂಜಿನ್ನನ್ನು ಸಜ್ಜುಗೊಳಿಸುವ ಸ್ವಿಚ್ಚಿನ ತುದಿ ಮುರಿದು ನೆಲಕ್ಕೆ ಬಿದ್ದಿದ್ದಾಗ ಆಲ್ಡ್ರಿನ್ ಅದನ್ನು ಒಳಗೆ ಒತ್ತಿದ್ದು ಒಂದು ಸ್ಕೆಚ್ ಪೆನ್ನಿನಿಂದ. ಕಾಲಿನ್ಸ್ ಕೂಡ ಸುಮ್ಮನೆ ಧೈರ್ಯವನ್ನೇ ನೆಚ್ಚಿ ಕುಳಿತಿರಲಿಲ್ಲ. ಗೆಳೆಯರು ತಪ್ಪಾದ ಎತ್ತರಕ್ಕೆ ಏರಿದರೆ ಅವರನ್ನು ಹೋಗಿ ಹಿಡಿಯುವ 18 ಬಗೆಯ ಉಪಾಯಗಳನ್ನು ಒಂದು ಪುಸ್ತಕದಲ್ಲಿ ಬರೆದು ಕುತ್ತಿಗೆಗೆ ತೂಗುಹಾಕಿಕೊಂಡಿದ್ದರು.

ಆ ಹತ್ತು ಮಂದಿಯಲ್ಲೊಬ್ಬರಾದ ಚಾರ್ಲಿ ಡ್ಯೂಕ್ ಹೇಳುವ ಒಂದು ಮಾತಿದೆ, ನೀನು ಎದ್ದುಹೋದ ಮೇಲೆ ಬರುತ್ತದೆ. ರೈಟ್ ಸಹೋದರರು ಮೊದಲ ಸಲ ಹಾರಿದ ಕಾಲದಲ್ಲಿ ಹುಟ್ಟಿದ ಅವರ ತಂದೆಗೆ ಮಗ ಚಂದ್ರನಿಗೆ ಹೋದದ್ದನ್ನು ನಂಬುವುದೇ ಕಷ್ಟವಾಗಿತ್ತಂತೆ. ಡ್ಯೂಕರ ಐದು ವರ್ಷದ ಮಗನಿಗೆ ಅದು ಏನೂ ದೊಡ್ಡ ಸಂಗತಿ ಅನಿಸಲಿಲ್ಲವಂತೆ. ನಿನ್ನ ಅಜ್ಜ ಸಮುದ್ರ ನೋಡಿದ್ದು ಜೀವನದಲ್ಲಿ ಒಂದೇ ಸಲ, ಮಲ್ಪೆಯಲ್ಲಿ. ಮಂಡಿಯವರೆಗೆ ನೀರಿಗಿಳಿದು ಹಿಂದಕ್ಕೆ ಬಂದರು. ನಾನು ಡ್ಯೂಕರ ತಂದೆಯ ಜಾಗದಲ್ಲಿ ಕುಳಿತಿದ್ದೇನೆ. ನಂಬಲಾಗುತ್ತಿಲ್ಲ ಎಂಬುದನ್ನು ಒಪ್ಪುತ್ತಿಲ್ಲ ಎಂಬಂತೆ ನಿನಗೆ ತೋರಿಸಿಬಿಟ್ಟೆ. ಬಿಳಿ ಸಮವಸ್ತ್ರದಲ್ಲಿರುವ ನಿನ್ನ ಫೋಟೋವನ್ನು ಹಳೆಯ ಸಹೋದ್ಯೋಗಿಗಳಿಗೆಲ್ಲ ಕಳಿಸಿದ್ದೇನೆ ಎಂಬುದು ನಿನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ.

ಕೊನೆಗೆ ಆ ಒಂದು ಮಾತು. 'ಅವರನ್ನು ಕಳಿಸಿದ್ದು ಒಂದು ದೇಶ, ನಿನ್ನನ್ನು ಕಳಿಸುತ್ತಿರುವುದು ನಿನ್ನ ಹಟ' ಎಂದೆ. ಬೆಳಿಗ್ಗೆ ನೀನು ಕಾಲಿಗೆ ನಮಸ್ಕರಿಸಿದಾಗಲಾದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು, ನಾಲಿಗೆ ಏಳಲಿಲ್ಲ. ನನ್ನನ್ನು ಕ್ಷಮಿಸು.

ನಾನು ಆ ಮಾತನ್ನು ಆಡಿದ್ದು ನಿನ್ನ ಮಾತನ್ನು ಅರ್ಧಕ್ಕೆ ತಡೆದು. ಪ್ರತಿ ಸುತ್ತಿನಲ್ಲೂ ಕಾಲಿನ್ಸ್, ಕೋನ ಅಳೆದು ದಿಕ್ಕು ಗುರುತಿಸುವ ಉಪಕರಣವಾದ ಸೆಕ್ಸ್‌ಟೆಂಟ್‌ಗೆ ಕಣ್ಣಿಟ್ಟು ಕೆಳಗೆ ಈಗಲ್ ಎಲ್ಲಿದೆಯೆಂದು ಹುಡುಕಿದರು, ಕೊನೆಯವರೆಗೂ ಅದು ಅವರಿಗೆ ಕಾಣಿಸಲಿಲ್ಲ ಎಂದು ನೀನು ಹೇಳಿದ್ದೆ. 'ಅಪ್ಪಾ, ನಮಗೂ ಸೆಕ್ಸ್‌ಟೆಂಟ್ ಕಲಿಸಿದ್ದಾರೆ, ನಕ್ಷತ್ರವನ್ನು ಕೆಳಗೆ ತಂದು ದಿಗಂತದ ಮೇಲೆ ಕೂರಿಸಬೇಕು, ಆಗ' ಎಂದು ಶುರು ಮಾಡಿದ್ದೆ. ಆಗ ಏನಾಗುತ್ತದೆ, ಅದನ್ನು ಹೇಗೆ ಹಿಡಿಯಬೇಕು, ಯಾವ ನಕ್ಷತ್ರವನ್ನು ಮೊದಲು ಹುಡುಕಬೇಕು ಎಂಬುದನ್ನೆಲ್ಲ ಬಿಡುವಾದಾಗ ನನಗೆ ವಿವರವಾಗಿ ಬರೆ. ಚಿತ್ರವನ್ನೂ ಬಿಡಿಸು.

ಇತಿ,
ನಿನ್ನ ಅಪ್ಪ