ಅಕಾಡೆಮಿ ಒಂದೇ ದಾರಿಯಲ್ಲ

ಮಾನ್ಯ ಸಂಪಾದಕರೇ,

ಸೇನಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಕೈತಪ್ಪಿದ ಕೂಡಲೇ ಅಧಿಕಾರಿಯಾಗುವ ಆಸೆಯನ್ನೇ ಬಿಟ್ಟುಬಿಡುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಳಗೆ ಹೋಗಲು ಇರುವುದು ಅದೊಂದೇ ಬಾಗಿಲಲ್ಲ.

ಆಸ್ಟ್ರೇಲಿಯಾದ ಜಾನ್ ಮೊನಾಶ್ ಅವರನ್ನೇ ನೋಡಿ. ಅವರು ಸಿವಿಲ್ ಎಂಜಿನಿಯರ್. ಸೇತುವೆ ಕಟ್ಟುವ ಕೆಲಸದ ಜೊತೆಗೇ ಅರೆಕಾಲಿಕ ಸೇನೆಯಲ್ಲಿ ವರ್ಷಗಟ್ಟಲೆ ದುಡಿದರು. ಮೊದಲ ಮಹಾಯುದ್ಧ ನಡೆಯುತ್ತಿದ್ದ 1918ರಲ್ಲಿ ಇಡೀ ಆಸ್ಟ್ರೇಲಿಯನ್ ಕೋರ್, ಅಂದರೆ ಹಲವು ಡಿವಿಷನ್‌ಗಳ ದೊಡ್ಡ ಸೇನಾ ಪಡೆ, ಅವರ ಕೈಗೆ ಬಂತು. ಫ್ರಾನ್ಸಿನ ಹಮೆಲ್‌ನಲ್ಲಿ ನಡೆದ ಕದನಕ್ಕೆ ಕಾಲಾಳು, ಟ್ಯಾಂಕ್, ಫಿರಂಗಿ, ವಿಮಾನ ಎಲ್ಲವನ್ನೂ ಕಟ್ಟಡದ ನಕ್ಷೆಯಂತೆ ಜೋಡಿಸಿದರು. 90 ನಿಮಿಷದಲ್ಲಿ ಮುಗಿಸಬೇಕೆಂದುಕೊಂಡಿದ್ದರು, 93 ನಿಮಿಷ ಹಿಡಿಯಿತು. ಎಂಜಿನಿಯರ್ ಆಗಿ ಕಲಿತದ್ದೇ ಅಲ್ಲಿ ನೆರವಿಗೆ ಬಂತು, ಅಲ್ವಾ?

ಕಾಲಿನ್ ಪವೆಲ್ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಲೇ ಅಧಿಕಾರಿ ತರಬೇತಿ ಪಡೆದವರು. 1989ರಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾದರು.

ಬ್ರಿಟನ್ನಿನ ವಿಲಿಯಂ ರಾಬರ್ಟ್‌ಸನ್ 1877ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, 1920ರಲ್ಲಿ ಫೀಲ್ಡ್ ಮಾರ್ಷಲ್ ಆದರು. 40 ವರ್ಷಕ್ಕೂ ಜಾಸ್ತಿ! ಈ ದಾರಿ ಸುಲಭ ಅಂತ ಸುಮ್ನೆ ಹೇಳಲಾರೆ. ಆದರೆ ಸಿಪಾಯಿಯ ಹಸಿವು, ನಿದ್ದೆಗೆಟ್ಟ ರಾತ್ರಿ, ಭಯ ಸ್ವತಃ ಗೊತ್ತಿರುವ ಅಧಿಕಾರಿಯನ್ನು ದಳ ಬೇಗ ನಂಬುತ್ತದೆ ಎಂಬುದು ನನ್ನ ಅನಿಸಿಕೆ.

ವೈದ್ಯರು, ವಕೀಲರು, ಎಂಜಿನಿಯರುಗಳು ತಮ್ಮ ಪದವಿಯ ಬಲದಿಂದಲೇ ಅಧಿಕಾರಿಗಳಾಗುವ ವ್ಯವಸ್ಥೆ ಅನೇಕ ಸೇನೆಗಳಲ್ಲಿದೆ. ಸಿಪಾಯಿಗಳನ್ನು ಆರಿಸಿ ಬಡ್ತಿ ಕೊಡುವ ಪದ್ಧತಿಯೂ ಇದೆ. ಶಾಲೆಗಳಲ್ಲಿ ಮಕ್ಕಳಿಗೆ ವೃತ್ತಿಯ ಬಗ್ಗೆ ತಿಳಿಸುವವರು ಇದನ್ನೂ ದಯವಿಟ್ಟು ಹೇಳಲಿ. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಹೇಳಲಿ.

– ಒಬ್ಬ ಓದುಗ