ಕಂಬದ ಮೇಲಿನ ಕಣಜ

ಲಾನ್ಸೆಸ್ಟನ್, ಟಾಸ್ಮೇನಿಯಾ ದ್ವೀಪ, ಆಸ್ಟ್ರೇಲಿಯಾ

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಫೋನಿನಲ್ಲಿ ಹೇಳಿದರೆ "ಹೂಂ, ಆಯ್ತು, ಇಡ್ತೀನಿ" ಅಂತ ಮುಗಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಕೊಟ್ಟಿಗೆ ಕೀಳಿಸಿ ಕಾರಿಗೆ ಶೆಡ್ ಹಾಕಿಸುತ್ತೀರಂತೆ, ತಮ್ಮ ಹೇಳಿದ. ಬೇಡ ಅನ್ನುವ ಬಾಯಿ ನನಗೆಲ್ಲಿದೆ? ಸಗಣಿ ಬಾಚಿ ಹನ್ನೆರಡು ವರ್ಷವಾಯಿತು. ಆದರೂ ಹೋದ ಭಾನುವಾರ ನೋಡಿ ಬಂದದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮಿಷ್ಟ.

ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಲಾಂಗ್‌ಫರ್ಡ್ ಅಂತ ಊರು. ಅದರ ಹತ್ತಿರ ಮಕ್ವಾರಿ ಹೊಳೆಯ ಆಚೆ ಈಚೆ ಎರಡು ಹಳೇ ಜಮೀನುಗಳಿವೆ, ವುಲ್ಮರ್ಸ್ ಮತ್ತು ಬ್ರಿಕೆಂಡನ್. ಆರ್ಚರ್ ಮನೆತನದ ಅಣ್ಣತಮ್ಮಂದಿರದು. ಥಾಮಸ್ 1817ರ ಸುಮಾರಿಗೆ ವುಲ್ಮರ್ಸ್‌ನಲ್ಲಿ ನೆಲೆಯೂರಿದ, ವಿಲಿಯಂ 1824ರಲ್ಲಿ ಬ್ರಿಕೆಂಡನ್ ಶುರುಮಾಡಿದ. ನಮ್ಮಲ್ಲಾದರೆ ಅಜ್ಜನ ಹೆಸರು ಒಂದು ತಲೆ ಬಿಟ್ಟು ಮೊಮ್ಮಗನಿಗೆ. ವುಲ್ಮರ್ಸ್‌ನವರು ಆ ಗೋಜಿಗೂ ಹೋಗಲಿಲ್ಲ, ಸಾಲಾಗಿ ಆರು ತಲೆಮಾರಿಗೂ ಥಾಮಸ್! ಕೊನೆಯ ಥಾಮಸ್ 1994ರಲ್ಲಿ ತೀರಿಕೊಂಡ, ಮಕ್ಕಳಿರಲಿಲ್ಲ. ಈಗ ಅದನ್ನು ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಬ್ರಿಕೆಂಡನ್ ಮಾತ್ರ ಇನ್ನೂ ಅದೇ ಮನೆತನದ ಕೈಯಲ್ಲಿದೆ, ಬೇಸಾಯವೂ ನಿಂತಿಲ್ಲ.

ದೊಡ್ಡ ಮನೆಯ ಪಿಂಗಾಣಿ, ಮೇಜು, ಕುರ್ಚಿ ಎಲ್ಲ ನೋಡಿದೆ, ಚೆನ್ನಾಗಿವೆ, ಅಷ್ಟೆ. ಕಾಲು ಕಟ್ಟಿಹಾಕಿದ್ದು ಬ್ರಿಕೆಂಡನ್‌ನ ಕೆಲಸದ ಮನೆಗಳು. ಒಕ್ಕಣೆಗೂ ದಾಸ್ತಾನಿಗೂ ಹಲಗೆ ಗೋಡೆಯ ಭಾರೀ ಕೊಟ್ಟಿಗೆಗಳು, ಕುಲುಮೆ, ಕೋಳಿಮನೆ, ಮಾಂಸವನ್ನು ಹೊಗೆಗೆ ಕಟ್ಟುವ ಮನೆ (ಅಜ್ಜಿಗೆ ಓದಿ ಹೇಳುವಾಗ ಇದನ್ನು ಹಾರಿಸಿ), ಕೊನೆಗೊಂದು ಪುಟ್ಟ ಚರ್ಚು. ಒಂದು ಸಣ್ಣ ಕೇರಿಯೇ ಅನ್ನಿ.

ಅಲ್ಲೊಂದು ಕಣಜ ಇದೆ, ನೆಲಕ್ಕೆ ತಾಗಿಲ್ಲ. ಅದರ ಕೆಳಗೆ ಕಲ್ಲಿನ ಕುಳ್ಳ ಕಂಬಗಳು, ಒಂದೊಂದರ ತಲೆಯ ಮೇಲೂ ಅಣಬೆಯ ಕೊಡೆಯಂತೆ ಅಗಲವಾದ ಕಲ್ಲು. ನಾನು ಬಗ್ಗಿ ಅದರಡಿ ಕೈಯಾಡಿಸಿದೆ. ಇಲಿ ಕಂಬವನ್ನೇನೋ ಹತ್ತೀತು, ಆದರೆ ಆ ಕಲ್ಲಿನ ಅಡಿಯಲ್ಲಿ ತಲೆಕೆಳಗಾಗಿ ನಡೆದು ಅಂಚು ದಾಟಲಾರದು. ನೀವು ತೆಂಗಿನ ಮರಕ್ಕೆ ತಗಡು ಸುತ್ತುತ್ತೀರಲ್ಲ, ಅದೇ ಉಪಾಯ. ಗಾಳಿಯೂ ಅಡಿಯಿಂದ ಆಡುವುದರಿಂದ ಕಾಳಿಗೆ ತೇವ ಹಿಡಿಯುವುದಿಲ್ಲ.

ಇಲ್ಲಿ ದುಡಿದವರು ಯಾರು ಗೊತ್ತಾ? ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳು. ಸರ್ಕಾರ ಅವರನ್ನು ಜಮೀನಿನವರಿಗೆ ಹಂಚಿಕೊಡುತ್ತಿತ್ತು. ಊಟ, ಬಟ್ಟೆ, ಮಲಗಲು ಜಾಗ ಧಣಿಯದು, ಸಂಬಳದ ಮಾತಿಲ್ಲ. ಗಂಡಸರು ಬಡಗಿ, ಕಮ್ಮಾರ, ಕುರಿ ಕಾಯುವವರು, ಹೆಂಗಸರು ಮನೆಗೆಲಸಕ್ಕೆ. ಈ ದ್ವೀಪಕ್ಕೆ ಕೈದಿಗಳನ್ನು ಕಳಿಸುವುದು ನಿಂತದ್ದು 1853ರಲ್ಲಿ. 2010ರಲ್ಲಿ ಯುನೆಸ್ಕೊ ಆಸ್ಟ್ರೇಲಿಯಾದ 11 ಕೈದಿ ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಈ ಎರಡು ಜಮೀನುಗಳೂ ಸೇರಿದವು. ಆದರೆ ಆರ್ಚರರಿಗಿಂತ ಸಾವಿರಾರು ವರ್ಷ ಮೊದಲಿಂದ ಈ ಬಯಲಲ್ಲಿ ಬದುಕಿದ್ದ ಮೂಲನಿವಾಸಿಗಳ ಒಂದು ಗುಡಿಸಲಾದರೂ ಇದೆಯೇ? 1830ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸಾಲುಗಟ್ಟಿ ಅವರನ್ನು ಬೇಟೆಯ ಸೋವಿನಂತೆ ಅಟ್ಟಹೊರಟಿದ್ದರು. ಹುಲ್ಲುಗಾವಲು ಇಷ್ಟು ಚೆಂದ ಕಂಡಿತಲ್ಲ ಅಂತ ನನಗೇ ಒಂಥರಾ ಆಯಿತು.

ಇನ್ನೊಂದು ವಿಷಯ. ಆ ಕೈದಿಗಳ ಎತ್ತರ, ಕೂದಲು, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ ಸಹ ದಫ್ತರದಲ್ಲಿ ಬರೆದಿಟ್ಟಿದ್ದಾರೆ. ಓಡಿಹೋದರೆ ಹಿಡಿಯಲು ಬರೆದದ್ದು, ಪ್ರೀತಿಗಲ್ಲ. ಅಲ್ಲಿಂದ ಮುಂದೆ ದಕ್ಷಿಣಕ್ಕೆ ಕ್ಯಾಂಬೆಲ್ ಟೌನ್ ಅಂತ ಊರಿದೆ. ಅದರ ಕಾಲುದಾರಿಯುದ್ದಕ್ಕೂ ಕೆಂಪು ಇಟ್ಟಿಗೆಯ ಸಾಲು, ಒಂದೊಂದು ಇಟ್ಟಿಗೆಗೂ ಒಬ್ಬ ಕೈದಿಯ ಹೆಸರು, ಬಂದ ಹಡಗು, ಮಾಡಿದ ತಪ್ಪು. ಮೆಟ್ಟಲು ಮನಸ್ಸಾಗದೆ ಪಕ್ಕಕ್ಕೆ ಸರಿದು ನಡೆದೆ. ಮಗ ಮಾತ್ರ ಒಂದೊಂದರ ಮೇಲೂ ಕುಪ್ಪಳಿಸಿಕೊಂಡು ಬಂದ.

ಆಗ ನಮ್ಮ ಕೊಟ್ಟಿಗೆಯ ಬಾಗಿಲ ಕಂಬ ನೆನಪಾಯಿತು ಅಪ್ಪ. ನೆಲದಿಂದ ಒಂದು ಮೊಳ ಮೇಲೆ, ಉಳಿಯಲ್ಲಿ ಹೊಡೆದ ಮೂರು ಗೀರು, ಅದರ ಮೇಲೊಂದು ಅಡ್ಡಗೀರು. ಕರುಗಳ ಲೆಕ್ಕ ಅಂತ ಚಿಕ್ಕವಳಿದ್ದಾಗ ತಿಳಿದಿದ್ದೆ. "ಅಲ್ಲವೇ, ಅದು ಆಚಾರಿಯ ಗುರುತು" ಅಂದಿದ್ದಳು ಅಜ್ಜಿ. ಆ ಆಚಾರಿಯ ಹೆಸರೇನು? ಯಾವ ಊರಿನವ? ತೊಲೆ ಹೊತ್ತವರು ಯಾರ್‍ಯಾರು, ಅವರಿಗೆ ಕೊಟ್ಟದ್ದು ಭತ್ತವೋ ದುಡ್ಡೋ? ಧರ್ಮಸ್ಥಳಕ್ಕೆ ನಡೆದು ಹೋದದ್ದನ್ನು ದಿನ ಬಿಡದೆ ಹೇಳುವ ಅಜ್ಜಿಗೆ ಇದೂ ನೆನಪಿದ್ದೀತು. ಮಧ್ಯಾಹ್ನ ಮಲಗಿ ಎದ್ದಮೇಲೆ, ಕಾಫಿ ಕುಡಿಸಿ ಕೇಳಿ, ಬೆಳಿಗ್ಗೆ ಕೇಳಿದರೆ ಗದರುತ್ತಾಳೆ. ತಮ್ಮನಿಗೆ ಫೋನಿನಲ್ಲಿ ರೆಕಾರ್ಡ್ ಮಾಡಲು ಹೇಳಿ.

ಶೆಡ್ ಬೇಕೇಬೇಕು ಅಂದರೆ ಪಡುವಣ ಕಡೆ ಹಲಸಿನ ಮರದ ಬುಡದಲ್ಲಿ ಜಾಗ ಇದೆಯಲ್ಲ, ಶೀಟು ಹೊದಿಸಿದರೆ ಸಾಕು, ಅದರ ಖರ್ಚು ನಾನು ಕಳಿಸುತ್ತೇನೆ. ಹಣ್ಣು ಕಾರಿನ ಮೇಲೆ ಬಿದ್ದರೆ ಮಾತ್ರ ನನ್ನನ್ನು ಬಯ್ಯಬೇಡಿ. ಫೆಬ್ರವರಿಯಲ್ಲಿ ಬರುತ್ತೇವೆ. ಅಲ್ಲಿಯವರೆಗೆ ಆ ಕಂಬಕ್ಕೆ ಗರಗಸ ತಾಗಿಸಬೇಡಿ.

ಅಮ್ಮನಿಗೆ, ಅಜ್ಜಿಗೆ ನಮಸ್ಕಾರ.

ಇಂತಿ ನಿಮ್ಮ ಮಗಳು