ಶಾಲೆಯ ಮಾಡು ಹತ್ತುವವರಿಗೆ ಮೊದಲು ಹಲಗೆ ಕೊಡಿ

ಮಾನ್ಯ ಸಂಪಾದಕರೇ,

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಉತ್ತರ ಕನ್ನಡದ ಶಾಲೆಗಳಲ್ಲಿ ಗಡಿಬಿಡಿ ಶುರು. ಹಂಚು ಕೈಯಾಡಿಸಬೇಕು, ಟ್ಯಾಂಕ್ ತೊಳೆಯಬೇಕು, ಶೌಚಾಲಯ ಉಜ್ಜಬೇಕು, ಅಂಗಳದ ಹುಲ್ಲು ಸವರಬೇಕು, ಪಂಪು ನಡೆಯುತ್ತದೋ ಇಲ್ಲವೋ ನೋಡಬೇಕು. ಬಾಗಿಲಿಗೆ ತೋರಣ ಕಟ್ಟುವ ಹೊತ್ತಿಗೆ ಇಷ್ಟೂ ಮುಗಿದಿರಬೇಕು. ಮಕ್ಕಳ ತಲೆಯ ಮೇಲಿನ ಸೂರು ಗಟ್ಟಿಯಿದೆಯೇ ಎಂದು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಆ ಸೂರಿನ ಮೇಲೆ ಹತ್ತಿದ ಜವಾನ, ಹೊರಗುತ್ತಿಗೆಯ ಸಿಬ್ಬಂದಿ ಅಥವಾ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರು ದಿನಗೂಲಿಗೆ ಕರೆತಂದ ಆಳು ಯಾವುದರ ಮೇಲೆ ಕಾಲಿಟ್ಟಿದ್ದಾನೆ ಎಂದು ಕೇಳುವವರು ಮಾತ್ರ ಕಡಿಮೆ. ಕಟ್ಟಡ ದುರಸ್ತಿ ಮತ್ತು ವಿದ್ಯುತ್ ಕೆಲಸ ಬಲ್ಲವರಾಗಿ ಈ ಕುರಿತು ಕೆಲವು ಮಾತುಗಳನ್ನು ಬಿಡಿಸಿ ಹೇಳಬೇಕಾಗಿದೆ.

ಎಲ್ಲಕ್ಕಿಂತ ಅಪಾಯದ್ದು ಸಿಮೆಂಟ್ ಶೀಟಿನ ಮಾಡು. ಬಿಸಿಯೂಟದ ಅಡುಗೆಕೋಣೆ, ಸೈಕಲ್ ಶೆಡ್, ಹಳೆಯ ಶೌಚಾಲಯ, ರಂಗಮಂಟಪ, ಎಲ್ಲೆಡೆ ಅದೇ. ಕೆಳಗಿನಿಂದ ನೋಡಿದರೆ ಕಲ್ಲಿನಷ್ಟು ಗಟ್ಟಿ. ಆದರೆ ಅದು ಬಾಗುವುದಿಲ್ಲ, ಮುರಿಯುವ ಮುನ್ನ ಚರಚರ ಎಂದು ಎಚ್ಚರಿಸುವುದೂ ಇಲ್ಲ. ನಮ್ಮ ಕಡೆಯ ಮಳೆಗೆ ವರ್ಷದ ನಾಲ್ಕು ತಿಂಗಳು ನೆನೆದು, ಮತ್ತೆ ಬಿಸಿಲಿಗೆ ಕಾದು, ಹತ್ತಿಪ್ಪತ್ತು ವರ್ಷ ಕಳೆದ ಶೀಟು ಮನುಷ್ಯನ ಭಾರಕ್ಕೆ ಒಮ್ಮೆಲೇ ತೂತಾಗುತ್ತದೆ. 'ಬೋಲ್ಟ್ ಸಾಲಿನ ಮೇಲೇ ಕಾಲಿಡು, ಕೆಳಗೆ ಪೈಪ್ ಇದೆ' ಎಂಬ ಉಪದೇಶ ಎಲ್ಲ ಕಡೆ ಕೇಳಿಬರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ಹಾವಸೆ ಹಿಡಿದ ಶೀಟಿನ ಮೇಲೆ ಬೋಲ್ಟ್ ಕಾಣುವುದೇ ಇಲ್ಲ. ಕಂಡರೂ ಕಾಲು ಅರ್ಧ ಅಡಿ ಜಾರಿದರೆ ಸಾಕು, ಆಳು ಕೆಳಗಿರುತ್ತಾನೆ. ಬೆಳಕಿಗೆಂದು ನಡುವೆ ಹಾಕಿದ ಪ್ಲಾಸ್ಟಿಕ್ ಶೀಟು ಇನ್ನೂ ಮೋಸದ್ದು. ಧೂಳು, ಹಾವಸೆ ಕೂತ ಮೇಲೆ ಅದಕ್ಕೂ ಪಕ್ಕದ ಶೀಟಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕಡಲ ಬದಿಯ ಶಾಲೆಗಳಲ್ಲಿ ಉಪ್ಪುಗಾಳಿಗೆ ಕೊಕ್ಕೆ ಬೋಲ್ಟ್‌ಗಳೂ ಒಳಗಿಂದೊಳಗೇ ತುಕ್ಕು ತಿಂದಿರುತ್ತವೆ. ಬದಿಯ ಶೀಟನ್ನು ಹಿಡಿದು ಮೈಭಾರ ಬಿಟ್ಟರೆ ಶೀಟು ಸಮೇತ ಜಾರಬಹುದು.

ಇದಕ್ಕೆ ಬೇಕಾದ ಮುಖ್ಯ ಸಾಮಾನು ಎರಡು ಹಲಗೆ. ಅಗಲ ಒಂದೂವರೆ ಅಡಿಗೆ ಕಡಿಮೆ ಇರಬಾರದು. ಉದ್ದ ಹತ್ತು ಅಡಿಯಾದರೂ ಬೇಕು. ಶೀಟಿನ ಕೆಳಗಿನ ಅಡ್ಡಪೈಪುಗಳ ನಡುವೆ ಸಾಮಾನ್ಯವಾಗಿ 1.4 ಮೀಟರ್‌ವರೆಗೆ ಅಂತರ ಇರುತ್ತದೆ, ಹಲಗೆ ಮೂರು ಪೈಪುಗಳ ಮೇಲೆ ಕೂತರೆ ಮಾತ್ರ ಭಾರ ಹಂಚಿಹೋಗುತ್ತದೆ. ಜಾರದಂತೆ ಹಲಗೆಗೆ ಅಡ್ಡಪಟ್ಟಿ ಹೊಡೆದು, ಮೇಲ್ತುದಿಯನ್ನು ಹಗ್ಗದಿಂದ ಕಟ್ಟಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಸರಿಸಬೇಕು. ಒಂದೇ ಹಲಗೆ ಇದ್ದರೆ ಅದನ್ನು ಸರಿಸಲು ಶೀಟಿನ ಮೇಲೇ ಇಳಿಯಬೇಕಾಗುತ್ತದೆ, ಅನಾಹುತ ಆಗುವುದು ಆಗಲೇ. ಇನ್ನೂ ಒಳ್ಳೆಯ ದಾರಿಯೆಂದರೆ ಮೇಲೆ ಹತ್ತದೇ, ಒಳಗಿನಿಂದ ಅಟ್ಟಣಿಗೆ ಕಟ್ಟಿ ಒಡೆದ ಶೀಟನ್ನು ಬದಲಿಸುವುದು.

ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಣಗಿದ ಶೀಟನ್ನು ಗ್ರೈಂಡರ್‌ನಿಂದ ಕೊಯ್ದರೆ, ತಂತಿ ಬ್ರಷ್‌ನಿಂದ ಹಾವಸೆ ಕೆರೆದರೆ ಕಣ್ಣಿಗೆ ಕಾಣದ ಎಳೆಗಳು ಹಾರಿ ಶ್ವಾಸಕೋಶ ಸೇರುತ್ತವೆ. ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು ವರ್ಷಗಳ ನಂತರ. ಆಗ ಯಾವ ಶಾಲೆಯ ಯಾವ ಶೀಟು ಎಂದು ಯಾರು ಲೆಕ್ಕ ಇಟ್ಟಿರುತ್ತಾರೆ? ಶೀಟನ್ನು ನೀರು ಚಿಮುಕಿಸಿ ನೆನೆಸಿ, ಬೋಲ್ಟ್ ಕತ್ತರಿಸಿ, ಇಡಿಯಾಗಿಯೇ ಇಳಿಸಬೇಕು. ತುಂಡುಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ಅವುಗಳನ್ನು ಒಡೆದು ಅಂಗಳದ ಹೊಂಡಕ್ಕೆ ತುಂಬುವ ರೂಢಿ ನಿಲ್ಲಲೇಬೇಕು, ಮಕ್ಕಳು ಓಡಾಡುವುದು ಅದರ ಮೇಲೆಯೇ.

ಹಂಚಿನ ಮಾಡು ಇಷ್ಟು ಕೆಟ್ಟದ್ದಲ್ಲ, ಆದರೆ ಅದರ ಜೀವ ಹಂಚು ಕೂರುವ ಮರದ ಪಟ್ಟಿಯಾದ ರೀಪಿನಲ್ಲಿದೆ. ಒರಲೆ ತಿಂದ ರೀಪು ಮೇಲಿನಿಂದ ಕಾಣುವುದಿಲ್ಲ. ಆದ್ದರಿಂದ ಹತ್ತುವ ಮೊದಲು ಒಳಗೆ ನಿಂತು ರೀಪುಗಳನ್ನೂ ಅವನ್ನು ಹೊರುವ ಪಕಾಸುಗಳನ್ನೂ ಕೋಲಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಆ ಭಾಗಕ್ಕೆ ಕಾಲು ಬೇಡ. ಒಂದೆರಡು ಹಂಚು ಒಡೆದಿದ್ದರೆ ಮಾಡು ಹತ್ತುವ ಅಗತ್ಯವೇ ಇಲ್ಲ. ಮಂಗಳೂರು ಹಂಚನ್ನು ಒಳಗಿನಿಂದಲೇ ಮೇಲೆತ್ತಿ ಬದಲಿಸಲು ಬರುತ್ತದೆ. ಅದಕ್ಕೆ ಬೆಂಚಿನ ಮೇಲೆ ಡೆಸ್ಕ್, ಡೆಸ್ಕ್ ಮೇಲೆ ಕುರ್ಚಿ ಇಟ್ಟು ನಿಲ್ಲುವುದನ್ನು ಬಿಡಬೇಕು. ಎರಡು ಕುದುರೆ ಕಾಲುಗಳ ಮೇಲೆ ಹಲಗೆ ಹಾಸಿದ ಅಟ್ಟಣಿಗೆ ಸಾಕು.

ಏಣಿಯ ಲೆಕ್ಕ ಸರಳ. ಗೋಡೆಯ ಎತ್ತರ 12 ಅಡಿಯಾದರೆ ಬುಡ ಗೋಡೆಯಿಂದ 3 ಅಡಿ ದೂರ ಇರಬೇಕು. ತುದಿ ಸೂರಿಗಿಂತ 3 ಅಡಿ ಮೇಲೆ ಚಾಚಿರಬೇಕು, ಅದನ್ನು ಅಲ್ಲಿಯೇ ಕಟ್ಟಿರಬೇಕು. ಹಾವಸೆ ಹಿಡಿದ ಚಿರೆಕಲ್ಲಿನ ಅಂಗಳದಲ್ಲಿ ಬುಡ ಜಾರುತ್ತದೆ, ಅಲ್ಲಿ ಕೆರೆದು ಒಣಗಿಸಿಯೇ ಏಣಿ ಇಡಬೇಕು. ಕಂಬದಿಂದ ಶಾಲೆಗೆ ಬರುವ ಸರ್ವೀಸ್ ವೈರ್ ಸೂರಿನ ಪಕ್ಕದಲ್ಲೇ ಇದ್ದರೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ, ಬಿಸಿಲಿಗೆ ಬಿರಿದ ವೈರಿನ ಹೊದಿಕೆಯನ್ನು ನಂಬುವಂತಿಲ್ಲ.

ಸುರಕ್ಷಾ ಬೆಲ್ಟ್ ತಂದುಕೊಟ್ಟೆವು ಎಂದು ಹೇಳುವವರು ಒಂದು ಲೆಕ್ಕ ಹಾಕಬೇಕು. ಸಾಮಾನ್ಯ ಬೆಲ್ಟಿನ ಹಗ್ಗ 1.8 ಮೀಟರ್. ಬಿದ್ದಾಗ ಬಿಚ್ಚಿಕೊಳ್ಳುವ ಆಘಾತ ತಡೆಯುವ ಪಟ್ಟಿ ಮತ್ತೆ ಸುಮಾರು ಅಷ್ಟೇ ಉದ್ದ. ಮನುಷ್ಯನ ದೇಹದ ಉದ್ದವೂ ಸೇರಿದರೆ ನೆಲ ಮುಟ್ಟದೆ ನೇತಾಡಲು ಸುಮಾರು 6 ಮೀಟರ್ ಎತ್ತರ ಬೇಕು. ನಮ್ಮ ಒಂದಂತಸ್ತಿನ ಶಾಲೆಯ ಸೂರು ಇರುವುದು 3 ಮೀಟರ್‌ನಲ್ಲಿ! ಬೆಲ್ಟ್ ಹಾಕಿಕೊಂಡೇ ನೆಲಕ್ಕೆ ಬೀಳುತ್ತಾನೆ. ಇಂಥ ಕಟ್ಟಡದಲ್ಲಿ ಹಗ್ಗವನ್ನು ಮಾಡಿನ ಆಚೆ ಬದಿಯ ಗಟ್ಟಿ ಕಂಬಕ್ಕೋ ಮರದ ಬುಡಕ್ಕೋ ಕಟ್ಟಿ, ಆಳು ಅಂಚಿಗೇ ತಲುಪದಷ್ಟು ಗಿಡ್ಡ ಮಾಡಬೇಕು. ರೀಪಿಗೆ, ಪಕಾಸಿಗೆ, ನೀರಿನ ಪೈಪಿಗೆ ಕಟ್ಟಿದ ಹಗ್ಗ ಇದ್ದೂ ಇಲ್ಲದಂತೆ.

ಶಿರಸಿ, ಸಿದ್ದಾಪುರದ ಕಡೆ 'ಕೊನೆಗೌಡನನ್ನು ಕರೆಸಿ, ಅಡಿಕೆ ಮರ ಹತ್ತುವವನಿಗೆ ಇದೇನು ಮಹಾ' ಎನ್ನುತ್ತಾರೆ. ಅಡಿಕೆ ಮರವನ್ನು ಅವನು ತಬ್ಬಿ ಹಿಡಿದಿರುತ್ತಾನೆ, ಕಾಲಿನ ಬಳೆ ಅವನ ಭಾರ ಹೊರುತ್ತದೆ. ಶೀಟಿನ ಮೇಲೆ ಹಿಡಿಯಲು ಏನೂ ಇಲ್ಲ. ಅವನ ಕುಶಲತೆಗೆ ನಮ್ಮ ಗೌರವವಿದೆ, ಅದನ್ನು ಇಲ್ಲಿ ಜಾಮೀನಾಗಿ ಇಡಬಾರದು.

ಇಷ್ಟೆಲ್ಲ ಅನಾಹುತಕ್ಕೆ ಮೂಲ ಕಾಲದ ಲೆಕ್ಕ ತಪ್ಪಿರುವುದು. ಏಪ್ರಿಲ್ ಎರಡನೇ ವಾರದಿಂದ ಶಾಲೆಗೆ ರಜೆ. ಮಾಡು ಒಣಗಿರುತ್ತದೆ, ಹಾವಸೆ ಸತ್ತಿರುತ್ತದೆ, ಮಕ್ಕಳೂ ಇರುವುದಿಲ್ಲ. ಆಗ ಕೆಲಸಕ್ಕೆ ಹಣ ಇರುವುದಿಲ್ಲ, ಹೇಳುವವರೂ ಇರುವುದಿಲ್ಲ. ಜೂನ್ ಮೊದಲ ಮಳೆಗೆ ತರಗತಿ ಸೋರಿದ ಮೇಲೆ, ಒದ್ದೆ ಮಾಡಿಗೆ, ಗಾಳಿಯ ನಡುವೆ ಟಾರ್ಪಾಲು ಹೊದಿಸಲು ಆಳನ್ನು ಹತ್ತಿಸಲಾಗುತ್ತದೆ. ಸೋರಿದರೆ ಮಕ್ಕಳನ್ನು ಪಕ್ಕದ ಕೋಣೆಗೆ ಕೂರಿಸಿ. ಮಳೆ ಬಿಟ್ಟು ಮಾಡು ಒಣಗುವವರೆಗೆ ಯಾರನ್ನೂ ಹತ್ತಿಸಬೇಡಿ.

ಮಳೆಗಾಲದ ಎರಡನೇ ಶತ್ರು ವಿದ್ಯುತ್. ಕರೆಂಟ್ ಮಿತಿಮೀರಿದಾಗ ತಾನೇ ಬೀಳುವ ಎಂಸಿಬಿ ಇದೆಯಲ್ಲ ಎಂದು ಧೈರ್ಯವಾಗಿರುವವರು ತಿಳಿಯಬೇಕಾದದ್ದು: 16 ಆಂಪಿಯರ್ ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಹೃದಯ ನಿಲ್ಲಲು 0.1 ಆಂಪಿಯರ್ ಸಾಕು. ಅಷ್ಟಕ್ಕೆ ಎಂಸಿಬಿ ಅಲುಗುವುದಿಲ್ಲ. ಜೀವ ಉಳಿಸುವುದು 30 ಮಿಲಿಆಂಪಿಯರ್‌, ಅಂದರೆ 0.03 ಆಂಪಿಯರ್ ಕರೆಂಟ್ ಸೋರಿದರೂ ಬೀಳುವ ಆರ್‌ಸಿಸಿಬಿ. ಪಂಪು, ಅಡುಗೆಕೋಣೆ, ಶೌಚಾಲಯದ ಲೈನುಗಳಿಗೆ ಅದು ಬೇಕೇ ಬೇಕು. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು, ಒತ್ತಿದಾಗ ಬೀಳದಿದ್ದರೆ ಬದಲಿಸಬೇಕು. ಮೊದಲ ಮಳೆಗೆ ಆರ್‌ಸಿಸಿಬಿ ಪದೇ ಪದೇ ಬಿದ್ದರೆ 'ಹಾಳಾಗಿದೆ' ಎಂದು ಅದನ್ನು ತಪ್ಪಿಸಿ ನೇರ ವೈರ್ ಕೊಡುವವರಿದ್ದಾರೆ. ಅದು ಹಾಳಾಗಿರುವುದಕ್ಕಿಂತ ಒದ್ದೆ ಗೋಡೆಯಲ್ಲೋ ಪಂಪಿನ ಸುರುಳಿಯಲ್ಲೋ ಕರೆಂಟ್ ಸೋರುತ್ತಿರುವ ಸಂಭವವೇ ಹೆಚ್ಚು. ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಯೂ ಕಾಪಾಡದು ಎಂಬುದು ನೆನಪಿರಲಿ.

ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವವರು ಅಪರೂಪ. ನಮ್ಮ ಚಿರೆಮಣ್ಣು ಒಣಗಿದರೆ ಕರೆಂಟನ್ನು ಭೂಮಿಗೆ ಬಿಡುವುದಿಲ್ಲ. ಫೆಬ್ರುವರಿಯಿಂದ ಮೇವರೆಗೆ ವಾರಕ್ಕೊಂದೆರಡು ಕೊಡ ನೀರು ಹೊಯ್ಯಬೇಕು. ಅರ್ಥ್ ಮೆಗ್ಗರ್‌ನಿಂದ ಅಳೆಸಿ ರೋಧ 5 ಓಮ್‌ಗಿಂತ ಕಡಿಮೆ ಇದೆಯೇ ನೋಡಬೇಕು.

ಬಲ್ಬು, ಫ್ಯಾನು, ಪಂಪಿಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಕೆಲಸ ಮಾಡುವವನೇ ತನ್ನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು, ಬೋರ್ಡಿಗೆ ಬೀಗ ಹಾಕಬೇಕು. ಕಂಪ್ಯೂಟರ್ ಕೋಣೆಯ ಯುಪಿಎಸ್ ಅಥವಾ ಇನ್ವರ್ಟರ್ ಇದ್ದರೆ ಮೇನ್ ಆಫ್ ಆದರೂ ಕೆಲವು ವೈರುಗಳಲ್ಲಿ ಜೀವ ಇರುತ್ತದೆ, ಅದನ್ನೂ ಆರಿಸಬೇಕು. ಹೊಳೆಯುವ ಟೆಸ್ಟರ್ ಒಂದನ್ನೇ ನೆಚ್ಚಬಾರದು. ಮೀಟರ್ ಅಥವಾ ಟೆಸ್ಟ್ ಲ್ಯಾಂಪನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ, ನಂತರ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟ್ ಇರುವ ಜಾಗದಲ್ಲಿ ಇಟ್ಟು ನೋಡಬೇಕು. ಕಂಬದ ಫ್ಯೂಸ್‌ಗೆ ಶಾಲೆಯ ಸಿಬ್ಬಂದಿ ಕೈ ಹಾಕುವಂತೆಯೇ ಇಲ್ಲ. ವಿದ್ಯುತ್ ಕಂಪನಿ ಹೆಸ್ಕಾಂಗೆ 1912ಕ್ಕೆ ಕರೆ ಮಾಡಬೇಕು.

ಇನ್ನು ನೆಲದಡಿಯ ಸಂಪು. ರಜೆಯಲ್ಲಿ ಎರಡು ತಿಂಗಳು ಮುಚ್ಚಿದ ಸಂಪಿನಲ್ಲಿ ಕೊಳೆತ ಎಲೆ, ತುಕ್ಕು ಸೇರಿ ಆಮ್ಲಜನಕ ತಿಂದುಬಿಟ್ಟಿರುತ್ತವೆ. ಹೊರಗಿನ ಗಾಳಿಯಲ್ಲಿ ಅದು 20.9 ಪ್ರತಿಶತ. 19.5ಕ್ಕಿಂತ ಇಳಿದರೆ ಒಳಗಿಳಿಯುವಂತಿಲ್ಲ. ಮೂಗಿಗೆ ಇದು ತಿಳಿಯುವುದಿಲ್ಲ, ಮೇಣದಬತ್ತಿಯ ಪರೀಕ್ಷೆಯೂ ನಂಬಿಕೆಗೆ ಅರ್ಹವಲ್ಲ. ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಇಳಿಸಿ ನಡೆಸಿದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ಹೊರಗಿನಿಂದ ನೀರೆತ್ತಿ, ಉದ್ದ ಹಿಡಿಕೆಯ ಬ್ರಷ್ ಮತ್ತು ನೀರಿನ ಜೆಟ್‌ನಿಂದ ತೊಳೆಯುವುದೇ ಸರಿಯಾದ ಕ್ರಮ. ಇಳಿಯಲೇಬೇಕಾದರೆ ಗಾಳಿ ಅಳೆಯುವ ಯಂತ್ರ, ಗಾಳಿ ನೂಕುವ ಬ್ಲೋವರ್, ಮೇಲೆ ಎಳೆಯಲು ಹಗ್ಗ, ಹೊರಗೆ ಕಾಯುವ ಇಬ್ಬರು ಬೇಕು. ಒಳಗೆ ಕುಸಿದವನನ್ನು ಎತ್ತಲು ಹಾಗೇ ಇಳಿದವನೂ ಕುಸಿಯುತ್ತಾನೆ. ತೊಳೆದ ಮೇಲೆ ಸೋಂಕು ನಿವಾರಣೆಗೆ 1000 ಲೀಟರ್‌ಗೆ 150 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕರಗಿಸಿ, ನಾಲ್ಕು ತಾಸು ಬಿಟ್ಟು, ಆ ನೀರನ್ನು ಚೆಲ್ಲಿ ಹೊಸ ನೀರು ತುಂಬಬೇಕು.

ಶೌಚಗುಂಡಿಯ ವಿಷಯದಲ್ಲಿ ಚರ್ಚೆಯೇ ಇಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಮಲಗುಂಡಿಗೆ ಇಳಿಸಿದ್ದಕ್ಕೆ ರಾಜ್ಯವೆಲ್ಲ ಸಿಡಿದೆದ್ದಿತು. ಮಕ್ಕಳ ಬದಲು ಆಳು ಇಳಿದರೂ ಅದು ಅಷ್ಟೇ ದೊಡ್ಡ ತಪ್ಪು. ಗುಂಡಿಯ ಕೊಳೆತ ಮೊಟ್ಟೆಯ ವಾಸನೆ ಇದ್ದಕ್ಕಿದ್ದಂತೆ ನಿಂತರೆ ವಿಷಾನಿಲ ಹೋಯಿತೆಂದಲ್ಲ, ಹೆಚ್ಚಾಗಿ ಮೂಗಿನ ನರವೇ ಮರಗಟ್ಟಿತೆಂದು. ನಗರಸಭೆಯ ಸಕ್ಕಿಂಗ್ ಯಂತ್ರವನ್ನೇ ಕರೆಸಿ.

ಶೌಚಾಲಯ ಉಜ್ಜುವ ಆಯಾಗಳಿಗೆ ಕಾದಿರುವ ಅಪಾಯ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಕೂಡುವುದು. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಬಾಟಲಿಯಲ್ಲಿ ಬರುವ ಹೆಸರಾಂತ ಟಾಯ್ಲೆಟ್ ಕ್ಲೀನರ್‌ಗಳಲ್ಲಿಯೂ ಆಸಿಡ್ ಇರುತ್ತದೆ. ಸೋಮವಾರ ಬ್ಲೀಚಿಂಗ್, ಗುರುವಾರ ಆಸಿಡ್ ಎಂದು ದಿನ ಬೇರೆ ಮಾಡಿ, ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ. ಆಸಿಡನ್ನು ಕುಡಿಯುವ ನೀರಿನ ಹಳೆ ಬಾಟಲಿಗೆ ಎಂದೂ ತುಂಬಬೇಡಿ. ಕ್ಲೋರಿನ್ ಕುಡಿದವರಿಗೆ ಆ ಕ್ಷಣಕ್ಕೆ ಕೆಮ್ಮು ಮಾತ್ರ ಇರಬಹುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ತಾಸುಗಳ ನಂತರ. ಆದ್ದರಿಂದ ಅವರನ್ನು ಮನೆಗೆ ಕಳಿಸದೆ ಆಸ್ಪತ್ರೆಗೇ ಒಯ್ಯಬೇಕು.

ಹುಲ್ಲು ಕತ್ತರಿಸುವ ಯಂತ್ರದ ಸುತ್ತ 15 ಮೀಟರ್ ಯಾರೂ ಇರಬಾರದು, ಹಿಡಿದವನಿಗೆ ಮುಖಕವಚ ಬೇಕು. ಚರಂಡಿ ಬಿಡಿಸುವವರಿಗೆ ಗಂಬೂಟು ಬೇಕು, ಕಾಲಿನ ಗಾಯದಿಂದ ಇಲಿ ಜ್ವರ ಬರುತ್ತದೆ. ಸಿದ್ದಾಪುರ, ಹೊನ್ನಾವರದ ಕಾಡಂಚಿನ ಶಾಲೆಗಳಲ್ಲಿ ಬೇಸಿಗೆಯಲ್ಲಿ ದರಕು (ಒಣ ಎಲೆ) ಗುಡಿಸುವವರು ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯ ಡೆಪಾ ತೈಲ ಹಚ್ಚಿಕೊಳ್ಳಬೇಕು. ಜ್ವರ ಬಂದರೆ ತಾವು ಮಾಡುವ ಕೆಲಸ ಯಾವುದೆಂದು ವೈದ್ಯರಿಗೆ ಹೇಳಲೇಬೇಕು.

ತಲೆಗೋ ಬೆನ್ನುಮೂಳೆಗೋ ಪೆಟ್ಟಾದರೆ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯಬೇಕು. ಶಿರಸಿಯಿಂದ ಹುಬ್ಬಳ್ಳಿಗೇ ನೂರು ಕಿಲೋಮೀಟರ್ ಆಸುಪಾಸು. ಬಿದ್ದ ಮೇಲಿನ ಗಂಟೆಗಳೆಲ್ಲ ರಸ್ತೆಯಲ್ಲೇ ಕಳೆಯುವ ಜಿಲ್ಲೆಯಲ್ಲಿ ಬೀಳದಂತೆ ನೋಡಿಕೊಳ್ಳುವ ಖರ್ಚನ್ನು ದುಂದು ಎನ್ನಬಾರದು.

ಪ್ರತಿ ಶಾಲೆಗೂ ಎಲ್ಲ ಸಲಕರಣೆ ಕೊಳ್ಳುವುದು ಕಷ್ಟ ಎಂಬುದು ನಮಗೆ ಗೊತ್ತು. ಅದಕ್ಕೇ ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಲ್ಲಿ ನಮ್ಮ ಬೇಡಿಕೆ ಚಿಕ್ಕದು. ಪ್ರತಿ ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಎರಡು ಹಲಗೆ, ಒಂದು ಅಟ್ಟಣಿಗೆ, ಒಳ್ಳೆಯ ಏಣಿ, ಬೆಲ್ಟು ಮತ್ತು ಹಗ್ಗ, ಮೀಟರ್, ಬೋರ್ಡಿನ ಬೀಗ, ಗಂಬೂಟು, ರಬ್ಬರ್ ಗ್ಲೌಸ್, ಕನ್ನಡಕ ಇಡಿ. ಸುತ್ತಲಿನ ಶಾಲೆಗಳು ಸರದಿಯಂತೆ ಒಯ್ಯಲಿ. ಎತ್ತರ, ಸಂಪು, ವಿದ್ಯುತ್ ಈ ಮೂರು ಕೆಲಸಕ್ಕೆ ಮುಖ್ಯ ಶಿಕ್ಷಕರು ಚೀಟಿ ಬರೆದು, ಏನೇನು ಸಾಮಾನು ಕೊಟ್ಟಿದ್ದೇವೆ ಎಂದು ನಮೂದಿಸಿ ಸಹಿ ಹಾಕಲಿ. ಸಾಮಾನು ಇಲ್ಲದಿದ್ದರೆ 'ನಾನು ಹತ್ತುವುದಿಲ್ಲ' ಎನ್ನುವ ಹಕ್ಕು ದಿನಗೂಲಿಯವನಿಗೂ ಇದೆ ಎಂದು ಆ ಚೀಟಿಯಲ್ಲೇ ಅಚ್ಚಾಗಿರಲಿ. ಸಾಮಾನು ಮತ್ತು ಹಣ ಮಾರ್ಚ್ ಮುಗಿಯುವುದರೊಳಗೆ ಕೇಂದ್ರ ತಲುಪಿದರೆ ಏಪ್ರಿಲ್‌ನ ಒಣ ಮಾಡಿನ ಮೇಲೆ ಕೆಲಸ ಶುರುಮಾಡಬಹುದು.

— ಕಟ್ಟಡ ದುರಸ್ತಿ ಮತ್ತು ವಿದ್ಯುತ್ ಕೆಲಸಗಾರರು, ಶಿರಸಿ ಮತ್ತು ಕುಮಟಾ